ಒಂದೇ ಚಾಪೆಯ ಇಬ್ಬರು ಅಜ್ಜಿಯರು

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಮೊಮ್ಮಗ ಎಲ್ಲರ ಎತ್ತರ ಅಳೆಯುವ ಆಟ ಶುರು ಮಾಡಿದ. ಐದನೇ ಕ್ಲಾಸು ಮುಗಿಸಿ ಊರಿಗೆ ಬಂದಿದ್ದ. ಕೈಯಲ್ಲಿ ಅವನಮ್ಮನ ಹೊಲಿಗೆಯ ಟೇಪು, ಕಿವಿ ಮೇಲೊಂದು ಪೆನ್ಸಿಲು. ಮನೆಗೆ ಬಂದವರನ್ನೆಲ್ಲ ಜಗಲಿಯ ಕಂಬಕ್ಕೆ ಆನಿಸಿ ನಿಲ್ಲಿಸುವುದು, ತಲೆಯ ಮೇಲೆ ರಟ್ಟು ಇಟ್ಟು ಗೆರೆ ಎಳೆಯುವುದು, ಪಕ್ಕದಲ್ಲಿ ಹೆಸರು ಬರೆಯುವುದು. ಹಾಲು ತರುವವರು, ಪೋಸ್ಟಿನವರು, ಯಾರನ್ನೂ ಬಿಡಲಿಲ್ಲ.

ಒಂದು ದಿನ ನನ್ನ ಬಾಲ್ಯದ ಗೆಳತಿ ಹಲಸಿನ ಹಣ್ಣಿನ ತೊಳೆ ತುಂಬಿದ ಡಬ್ಬಿ ಹಿಡಿದು ಬಂದಳು. ಹೆಸರು ಹಾಕಬೇಡ ಅಂದಿದ್ದಾಳೆ, ಆದ್ದರಿಂದ ಗೆಳತಿ ಎಂದೇ ಬರೆಯುತ್ತೇನೆ. ಅವಳನ್ನೂ ಕಂಬಕ್ಕೆ ನಿಲ್ಲಿಸಿದ. ನನ್ನ ಗೆರೆ ಐದು ಅಡಿ ಒಂದು ಇಂಚಿನಲ್ಲಿತ್ತು. ಅವಳದ್ದು ನಾಲ್ಕು ಅಡಿ ಏಳು ಇಂಚು. 'ನೆಟ್ಟಗೆ ನಿಲ್ಲಿ ಅಜ್ಜಿ' ಅಂದ. 'ಇದೇ ನೆಟ್ಟಗೆ ಕಣಪ್ಪಾ' ಅಂದಳು.

ಆಮೇಲೆ ನನ್ನ ಕಡೆ ತಿರುಗಿ ಕೇಳಿದ: 'ನೀವಿಬ್ರೂ ಒಂದೇ ಕ್ಲಾಸಂತಲ್ಲ ಅಜ್ಜಿ? ಮತ್ತೆ ಈ ಅಜ್ಜಿ ಯಾಕೆ ನಿನಗಿಂತ ಅಷ್ಟು ವಯಸ್ಸಾದೋರ ಥರ ಇದ್ದಾರೆ?'

ಮಕ್ಕಳ ಪ್ರಶ್ನೆಗೆ ಹೊಸಿಲಿಲ್ಲ, ನೇರ ಒಳಗೇ ಬರುತ್ತದೆ. ಗೆಳತಿ ಬೇಜಾರು ಮಾಡಿಕೊಳ್ಳಲಿಲ್ಲ. 'ಹಣೆಬರಹ ಕಣಪ್ಪಾ' ಎಂದು ನಕ್ಕಳು. ಮೂವತ್ತು ವರ್ಷಕ್ಕೂ ಮೇಲೆ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದ ನನಗೆ ಆ ದಿನ ಉತ್ತರ ಹೊಳೆಯಲಿಲ್ಲ. ಹಣೆಬರಹ ಎಂಬ ಉತ್ತರವನ್ನು ಒಪ್ಪಲೂ ಆಗಲಿಲ್ಲ. ಆಮೇಲೆ ಓದಿದ್ದು, ನೆನಪಿಗೆ ಬಂದದ್ದು, ಅವಳೇ ಹೇಳಿದ್ದು, ಎಲ್ಲ ಸೇರಿಸಿ ಈಗ ಬರೆಯುತ್ತಿದ್ದೇನೆ.

ನಮ್ಮದು ಸೊರಬ ತಾಲ್ಲೂಕು, ಕ್ಯಾಸನೂರಿಗೆ ಹತ್ತಿರದ ಒಂದು ಹಳ್ಳಿ. ನಮಗಿಬ್ಬರಿಗೂ ಈಗ ಎಪ್ಪತ್ತು. ಒಂದೇ ಊರಿನ ಗಾಳಿ, ಒಂದೇ ಕೆರೆಯ ನೀರು, ಒಂದೇ ಶಾಲೆ. ಶಾಲೆಯಲ್ಲಿ ಬೆಂಚು ಇರಲಿಲ್ಲ, ಚಾಪೆ ಇತ್ತು. ನಾವು ಕೂರುತ್ತಿದ್ದದ್ದು ಒಂದೇ ಚಾಪೆಯಲ್ಲಿ. ಮೂರನೇ ಕ್ಲಾಸಿನಲ್ಲಿ ಪ್ರಾರ್ಥನೆಗೆ ಎತ್ತರದ ಪ್ರಕಾರ ಸಾಲು ನಿಲ್ಲಿಸಿದಾಗ ಅವಳು ನನ್ನ ಪಕ್ಕದಲ್ಲೇ ಬರುತ್ತಿದ್ದಳು. ಇದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅವಳು ಪ್ರಾರ್ಥನೆ ಹೊತ್ತಿನಲ್ಲಿ ನನ್ನ ಜಡೆ ಎಳೆಯುತ್ತಿದ್ದಳು.

ಬೇರೆ ಏನಿತ್ತು? ನಮ್ಮ ಮನೆಗೆ ಗದ್ದೆ ಇತ್ತು, ಸ್ವಲ್ಪ ಅಡಿಕೆ ತೋಟ ಇತ್ತು, ಕೊಟ್ಟಿಗೆ ತುಂಬ ದನ ಇತ್ತು. ಅವಳ ಮನೆಗೆ ಸ್ವಂತ ನೆಲ ಇರಲಿಲ್ಲ. ಬೇರೆಯವರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದರು. ಗೇಣಿ ಅಂದರೆ ಬೆಳೆದ ಭತ್ತದಲ್ಲಿ ಇಷ್ಟು ಎಂದು ಒಡೆಯನಿಗೆ ಅಳೆದು ಕೊಡುವುದು. ಅಳೆಯುವ ಪಾತ್ರೆಗೆ ಕೊಳಗ ಎಂದು ಹೆಸರು. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದನ್ನು ಮಕ್ಕಳು ಪಾಠದಲ್ಲಿ ಓದಿರಬಹುದು. ಅಲ್ಲಿ ಜಗಳ ಹುಟ್ಟಿದ್ದೇ ಈ ಕೊಳಗದಿಂದ: ಗೇಣಿ ಅಳೆಯುವ ಕೊಳಗ ಇರಬೇಕಾದ್ದಕ್ಕಿಂತ ದೊಡ್ಡದು ಎಂದು. ಚಿಕ್ಕವಳಿದ್ದಾಗ ಒಂದು ಪಾತ್ರೆಯ ಅಳತೆಗಾಗಿ ದೊಡ್ಡವರು ಜೈಲಿಗೆ ಹೋದರೇ ಎಂದು ನನಗೆ ಆಶ್ಚರ್ಯ. ಈಗ ಆಶ್ಚರ್ಯ ಇಲ್ಲ. ಒಡೆಯನ ಕೊಳಗ ದೊಡ್ಡದಾದಷ್ಟೂ ಗೇಣಿದಾರನ ಮನೆಯ ಮಗುವಿನ ತಟ್ಟೆಯಲ್ಲಿ ಅನ್ನ ಕಡಿಮೆ. ಮಳೆಗಾಲದ ಕೊನೆಗೆ, ಹೊಸ ಭತ್ತ ಬರುವ ಮುಂಚೆ, ಅವಳ ಮನೆಯಲ್ಲಿ ಎರಡು ತಿಂಗಳು ತೆಳು ಗಂಜಿಯೇ ಊಟ. ಅದೇ ತಿಂಗಳಲ್ಲಿ ನಮ್ಮ ಮನೆಯ ಕಣಜದಲ್ಲಿ ಹಳೆ ಭತ್ತಕ್ಕೆ ಹುಳ ಹಿಡಿಯುತ್ತಿತ್ತು.

ಕಾಡಿನ ಜ್ವರ

ನಾವಿನ್ನೂ ಅಂಬೆಗಾಲಿಡುತ್ತಿದ್ದಾಗ, 1957ರಲ್ಲಿ, ನಮ್ಮ ಸುತ್ತಿನ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು. ಹೆಮ್ಮೆ ಪಡುವಂಥ ಕಾರಣಕ್ಕಲ್ಲ. ಕ್ಯಾಸನೂರಿನ ಕಾಡಿನಲ್ಲಿ ಮುಸಿಯಗಳು, ಮಂಗಗಳು ಸತ್ತು ಬೀಳತೊಡಗಿದವು. ಕಾಡಂಚಿನ ಹಳ್ಳಿಗಳಲ್ಲಿ ಜನರಿಗೆ ವಿಪರೀತ ಜ್ವರ, ತಲೆ ಸಿಡಿತ, ಮೈಕೈ ನೋವು. ಕೆಲವರಿಗೆ ವಸಡಿನಲ್ಲಿ, ಮೂಗಿನಲ್ಲಿ ರಕ್ತ. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ವಿಜ್ಞಾನಿಗಳು ಬಂದರು. ಮಂಗಗಳು ಸಾಯುವುದನ್ನು ಕಂಡು ಮೊದಲು ಆಫ್ರಿಕಾದ ಹಳದಿ ಜ್ವರ ಭಾರತಕ್ಕೂ ಬಂತೇ ಎಂಬ ಭಯವಿತ್ತು. ಸಿಕ್ಕಿದ್ದು ಯಾರೂ ಕಂಡಿರದ ಹೊಸ ವೈರಸ್. ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರಿಟ್ಟರು. ಇಂಗ್ಲಿಷಿನಲ್ಲಿ ಕೆಎಫ್‌ಡಿ, ನಮ್ಮ ಬಾಯಲ್ಲಿ ಮಂಗನ ಕಾಯಿಲೆ. (ಕೆನ್ನೆ ಊದುವ ಮಂಗನ ಬಾವು ಬೇರೆ, ಇದು ಬೇರೆ. ನನ್ನ ಮೊಮ್ಮಗ ಎರಡನ್ನೂ ಒಂದೇ ಅಂದುಕೊಂಡಿದ್ದ.)

ಹೆಸರು ಮಂಗನದ್ದಾದರೂ ಮನುಷ್ಯರಿಗೆ ತಗಲಿಸುವುದು ಉಣುಗು. ದನದ ಕಿವಿಯಲ್ಲಿ ಕಚ್ಚಿಕೊಂಡಿರುತ್ತದಲ್ಲ, ಅದರ ಜಾತಿಯದೇ. ಮರಿ ಉಣುಗು ಸಾಸಿವೆ ಕಾಳಿಗಿಂತ ಚಿಕ್ಕದು, ಕಾಡಿನಲ್ಲಿ ಉದುರಿದ ಒಣ ಎಲೆಗಳ ನಡುವೆ ಇರುತ್ತದೆ. ಡಿಸೆಂಬರಿನಿಂದ ಮೇವರೆಗೆ ಅದರ ಹಾವಳಿ. ಮನುಷ್ಯರಿಂದ ಮನುಷ್ಯರಿಗೆ ಈ ಕಾಯಿಲೆ ಹರಡುವುದಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ ಮಕ್ಕಳೇ. ಉದುರಿದ ಎಲೆಗೆ ನಾವು ದರಗು ಅನ್ನುತ್ತೇವೆ. ಅದೇ ಡಿಸೆಂಬರಿನಿಂದ ಬೇಸಿಗೆಯವರೆಗೆ ದರಗು ಗುಡಿಸಿ ತರುವ ಕಾಲ. ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಲು, ಗೊಬ್ಬರ ಮಾಡಲು, ಅಡಿಕೆ ಮರದ ಬುಡಕ್ಕೆ ಹೊದಿಸಲು ರಾಶಿ ರಾಶಿ ದರಗು ಬೇಕು. ಅದನ್ನು ಕಾಡಿಗೆ ಹೋಗಿ ಗುಡಿಸಿ, ದೊಡ್ಡ ಜಲ್ಲೆಗೆ ತುಂಬಿ, ತಲೆ ಮೇಲೆ ಹೊತ್ತು ತರುತ್ತಿದ್ದವರು ಯಾರು? ತೋಟ ಇದ್ದವರಲ್ಲ. ಉಣುಗು ಯಾರನ್ನಾದರೂ ಕಚ್ಚುತ್ತದೆ, ಆದರೆ ಅದರ ನಡುವೆ ದಿನವೂ ಬಗ್ಗಿ ನಿಂತಿದ್ದವರು ಕೂಲಿಯವರು. ಸೌದೆಗೆ ಹೋದವರು, ದನ ಮೇಯಿಸಲು ಹೋದವರು, ದರಗಿಗೆ ಹೋದವರು. ನಮ್ಮ ಮನೆಯಿಂದ ಯಾರಿಗೂ ಮಂಗನ ಕಾಯಿಲೆ ಬರಲಿಲ್ಲ. ನಮ್ಮ ಮನೆಗೆ ದರಗು ತಂದುಕೊಟ್ಟವರಿಗೆ ಬಂತು.

ನಾವು ಮೂರನೇ ಕ್ಲಾಸಿನಲ್ಲಿದ್ದಾಗ ಅವಳ ಅಪ್ಪನಿಗೆ ಆ ಜ್ವರ ಬಂತು. ಬದುಕಿಕೊಂಡರು. ಆದರೆ ಈ ಜ್ವರ ಬಿಟ್ಟ ಮೇಲೂ ನಿತ್ರಾಣ ಎಷ್ಟೋ ವಾರ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಅವರು ಆ ಮಳೆಗಾಲ ನೇಗಿಲು ಹಿಡಿಯಲಿಲ್ಲ. ಒಂದು ಬುಧವಾರ ಗೆಳತಿ ಶಾಲೆಗೆ ಬರಲಿಲ್ಲ. ಗುರುವಾರವೂ ಇಲ್ಲ. ವಾರ ಕಳೆದ ಮೇಲೆ ನಮ್ಮ ಕೊಟ್ಟಿಗೆಯ ಹಿಂದೆ ಕಂಡಳು. ತಲೆ ಮೇಲೆ ಸಿಂಬೆ, ಸಿಂಬೆಯ ಮೇಲೆ ಅಮ್ಮನದಕ್ಕಿಂತ ಸ್ವಲ್ಪ ಚಿಕ್ಕ ಜಲ್ಲೆ. ಅವಳಿಗೆ ಆಗ ಎಂಟೋ ಒಂಬತ್ತೋ.

ಮತ್ತೆ ಶಾಲೆಗೆ ಬರಲೇ ಇಲ್ಲ. ನನ್ನನ್ನು 'ಏ, ನೀನು' ಎಂದು ಕರೆಯುತ್ತಿದ್ದವಳು ಯಾವಾಗ 'ನೀವು' ಎಂದು ಶುರು ಮಾಡಿದಳೋ ನನಗೆ ನೆನಪಿಲ್ಲ. ಈಗಲೂ 'ಟೀಚರಮ್ಮ, ನೀವು' ಅಂತಲೇ. 'ನೀನು ಅನ್ನೇ ಮಾರಾಯ್ತಿ' ಎಂದರೆ ನಗುತ್ತಾಳೆ, ಬದಲಾಯಿಸುವುದಿಲ್ಲ.

ಮೈ ಇಟ್ಟ ಲೆಕ್ಕ

ಈಗ ಆ ಆರು ಇಂಚಿಗೆ ಬರೋಣ.

ಮೂಳೆ ಒಂದು ರೀತಿ ಉಳಿತಾಯದ ಖಾತೆ. ಮಕ್ಕಳಿದ್ದಾಗ, ಅದರಲ್ಲೂ ಹತ್ತರಿಂದ ಇಪ್ಪತ್ತರ ನಡುವೆ, ಅದಕ್ಕೆ ಸುಣ್ಣದ ಅಂಶ ಜಮಾ ಆಗುತ್ತದೆ. ಮೂವತ್ತರ ಹೊತ್ತಿಗೆ ಜಮಾ ಮುಗಿಯಿತು. ಆಮೇಲೆ ನಿಧಾನಕ್ಕೆ ತೆಗೆಯುವುದೇ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಬೇಗ ಬೇಗ ಖಾಲಿಯಾಗುತ್ತದೆ. ಹಾಲು, ಬೇಳೆ, ರಾಗಿ, ಸೊಪ್ಪು ಕಂಡ ಮೈಯಲ್ಲಿ ಜಮಾ ಹೆಚ್ಚು. ಗಂಜಿ ಕುಡಿದು ಹೊರೆ ಹೊತ್ತ ಮೈಯಲ್ಲಿ ಕಡಿಮೆ. ಅವಳು ಬೆಳೆಯಬೇಕಾದ ವಯಸ್ಸಿನಲ್ಲಿ ಬೆಳೆಯಲಿಲ್ಲ. ವಯಸ್ಸಾದ ಮೇಲೆ ಟೊಳ್ಳಾದ ಬೆನ್ನುಮೂಳೆಯ ಗಂಟುಗಳು ಒಂದರ ಮೇಲೊಂದು ಕುಸಿದು ಬೆನ್ನು ಬಾಗಿತು. ಆರು ಇಂಚಿನಲ್ಲಿ ಒಂದಿಷ್ಟು ಹತ್ತನೇ ವಯಸ್ಸಿನದು, ಒಂದಿಷ್ಟು ಅರವತ್ತರದು.

ಅವಳ ಮಂಡಿ ಸವೆದಿದೆ. ವರ್ಷಗಟ್ಟಲೆ ನೆಟ್ಟಿ ಗದ್ದೆಯಲ್ಲಿ ಬಗ್ಗಿದ್ದು, ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದದ್ದು, ಹೊರೆ ಹೊತ್ತು ಏರು ಹತ್ತಿದ್ದು. ಅವಳಿಗೆ ಕೆಮ್ಮು ಇದೆ. ಒಂದು ದಿನವೂ ಬೀಡಿ ಮುಟ್ಟಿದವಳಲ್ಲ. ಆದರೆ ಕಿಟಕಿಯಿಲ್ಲದ ಅಡುಗೆ ಮನೆಯಲ್ಲಿ ಹಸಿ ಸೌದೆ ಊದಿದ ಹೊಗೆ ಶ್ವಾಸಕೋಶಕ್ಕೆ ಬೀಡಿಗೇನೂ ಕಡಿಮೆಯಲ್ಲ. ಆ ಹೊಗೆಗೂ ಕಣ್ಣಿನ ಪೊರೆಗೂ ನಂಟಿದೆ ಎಂದು ವೈದ್ಯರು ಹೇಳುತ್ತಾರೆ. ಅವಳಿಗೆ ಐವತ್ತೈದಕ್ಕೇ ಪೊರೆ ಬಂದಿತ್ತು. ನನಗೆ ಇನ್ನೂ ಇಲ್ಲ.

ನಾನೇನು ಕಲ್ಲುಗುಂಡಲ್ಲ. ಕುರ್ಚಿಯಲ್ಲಿ ಕೂತು, ತುಪ್ಪ-ಬೆಲ್ಲ ತಿಂದು ಸಕ್ಕರೆ ಕಾಯಿಲೆ ಸಂಪಾದಿಸಿದ್ದೇನೆ. ಆದರೆ ನನ್ನ ಕಾಯಿಲೆಗೆ ಪೆನ್ಷನ್ ಇದೆ, ತಿಂಗಳ ಮಾತ್ರೆ ಇದೆ, ಮಾತ್ರೆಯ ಡಬ್ಬಿ ಮೇಲಿನ ಅಕ್ಷರ ಓದಲು ಬರುತ್ತದೆ.

ಇದೆಲ್ಲ ನನ್ನ ಗೆಳತಿಯೊಬ್ಬಳ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಎಂದಿದೆ. ಊರವರಿಗೆ ಅದು ಮಿಷನ್ ಆಸ್ಪತ್ರೆ. ಅಲ್ಲಿನ ದಾದಿಯರು 1934ರಿಂದಲೇ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಆ ಹಳೆಯ ರಿಜಿಸ್ಟರುಗಳನ್ನು 1990ರ ದಶಕದಲ್ಲಿ ಸಂಶೋಧಕರು ಬಿಚ್ಚಿದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಮೈಸೂರಿನಲ್ಲೇ ಇದ್ದ 517 ಜನರನ್ನು ಹುಡುಕಿ ಪರೀಕ್ಷೆ ಮಾಡಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ಕಾಯಿಲೆ ಇತ್ತು. 3.1 ಕಿಲೋ ಮತ್ತು ಅದಕ್ಕಿಂತ ಹೆಚ್ಚು ತೂಗಿದ್ದವರಲ್ಲಿ ನೂರಕ್ಕೆ 3 ಜನರಿಗೆ. ಅಜ್ಜನ ಎದೆನೋವಿನ ಗುಟ್ಟಿನ ಒಂದು ತುಣುಕು ಅವರು ತೊಟ್ಟಿಲು ಸೇರುವ ಮುಂಚಿನ ದಿನಗಳಲ್ಲಿತ್ತು! ತಾಯಿಗೆ ಹೊಟ್ಟೆ ತುಂಬ ಊಟವಿಲ್ಲದಿದ್ದರೆ ಒಳಗಿನ ಮಗು ಇದ್ದುದರಲ್ಲೇ ಮಿದುಳನ್ನು ಕಾಪಾಡಿಕೊಂಡು ಉಳಿದ ಅಂಗಗಳಲ್ಲಿ ಕಡಿತ ಮಾಡುತ್ತದೆ, ಆ ಕಡಿತದ ಬಾಕಿ ದಶಕಗಳ ನಂತರ ಬರುತ್ತದೆ ಎಂಬುದು ಸಂಶೋಧಕರ ವಿವರಣೆ.

ನಮ್ಮಿಬ್ಬರನ್ನೂ ಹುಟ್ಟಿದಾಗ ಯಾರೂ ತೂಗಲಿಲ್ಲ. ಮನೆಯಲ್ಲೇ ಹೆರಿಗೆ. ಆದರೆ ನನ್ನಮ್ಮನಿಗೆ ಮೂರು ತಿಂಗಳು ಬಾಣಂತನ ನಡೆಯಿತೆಂದು ನನಗೆ ಗೊತ್ತು. ಅವಳ ಅಮ್ಮ ನೆಟ್ಟಿಯ ದಿನಗಳಲ್ಲಿ ಹೆತ್ತು, ಹದಿನೈದೇ ದಿನಕ್ಕೆ ಮತ್ತೆ ಗದ್ದೆಗೆ ಇಳಿದಿದ್ದರು.

ಹಸಿವೊಂದೇ ಕಾರಣವೂ ಅಲ್ಲ. ದೊಡ್ಡ ಹುದ್ದೆಯವರಿಗೆ ಟೆನ್ಷನ್ ಜಾಸ್ತಿ, ಅವರಿಗೇ ಹಾರ್ಟ್ ಅಟ್ಯಾಕು ಎಂದು ನಾವೆಲ್ಲ ಅಂದುಕೊಂಡಿದ್ದೇವೆ, ಅಲ್ಲವೇ ಅಜ್ಜಂದಿರೇ? ಲಂಡನ್ನಿನ ಸರ್ಕಾರಿ ನೌಕರರನ್ನು 1967ರಿಂದ ವರ್ಷಗಟ್ಟಲೆ ಗಮನಿಸಿದ ವೈಟ್‌ಹಾಲ್ ಅಧ್ಯಯನ ಉಲ್ಟಾ ಹೇಳಿತು. ಮೈಕೆಲ್ ಮಾರ್ಮಟ್ ಎಂಬ ವೈದ್ಯರು ಇದರಿಂದಲೇ ಹೆಸರಾದರು. ಹೃದಯದ ಕಾಯಿಲೆಯಿಂದ ಹೆಚ್ಚು ಸತ್ತವರು ಕೆಳದರ್ಜೆಯ ಜವಾನರು, ಬಾಗಿಲು ಕಾಯುವವರು. ಮೇಲಿನ ಅಧಿಕಾರಿಗಳಲ್ಲ. ಅವರೆಲ್ಲರಿಗೂ ಸಂಬಳ ಇತ್ತು, ಊಟ ಇತ್ತು. ಬೀಡಿ-ಸಿಗರೇಟಿನ ಲೆಕ್ಕ ತೆಗೆದರೂ ವ್ಯತ್ಯಾಸ ಪೂರ್ತಿ ಹೋಗಲಿಲ್ಲ. ತನ್ನ ಕೆಲಸ ತನ್ನ ಕೈಯಲ್ಲಿ ಇಲ್ಲದಿರುವುದೂ ಮೈಯನ್ನು ತಿನ್ನುತ್ತದೆ ಎಂದು ಮುಂದಿನ ಅಧ್ಯಯನಗಳು ತೋರಿಸಿದವು. 'ನಾಳೆ ದರಗಿಗೆ ಹೋಗೋದಿಲ್ಲ' ಎಂದು ನನ್ನ ಗೆಳತಿ ಯಾವತ್ತಾದರೂ ಹೇಳಬಹುದಿತ್ತೇ?

ಮಂಗನ ಕಾಯಿಲೆಯ ಲಸಿಕೆಯ ವಿಷಯವನ್ನೇ ನೋಡಿ. 1990ರ ದಶಕದಿಂದ ನಮ್ಮ ಕಡೆ ಕೊಡುತ್ತಿದ್ದರು. ಒಂದು ಸಲ ಚುಚ್ಚಿಸಿಕೊಂಡರೆ ಸಾಲದು, ತಿಂಗಳು ಬಿಟ್ಟು ಇನ್ನೊಂದು, ಆಮೇಲೆ ಬೂಸ್ಟರು, ಮುಂದೆ ವರ್ಷ ವರ್ಷವೂ. ಉರಿ ಬೇರೆ. ನಾನು ಎಲ್ಲವನ್ನೂ ಹಾಕಿಸಿಕೊಂಡೆ, ಕಾಡಿಗೆ ಹೋಗದವಳು! ಅವಳು ಮೊದಲನೆಯದನ್ನು ಮಾತ್ರ. 'ಒಂದೊಂದು ಸೂಜಿಗೆ ಒಂದೊಂದು ದಿನದ ಕೂಲಿ ಹೋಗ್ತಿತ್ತು ಟೀಚರಮ್ಮ' ಅಂದಳು. ಈಗ ಆ ಲಸಿಕೆ ಸಾಕಷ್ಟು ಪರಿಣಾಮಕಾರಿಯಲ್ಲವೆಂದು ನಿಲ್ಲಿಸಿದ್ದಾರೆ, ಹೊಸದರ ಕೆಲಸ ನಡೆದಿದೆ. ಅಲ್ಲಿಯವರೆಗೆ ಆಶಾ ಕಾರ್ಯಕರ್ತೆಯರು ಕೊಡುವ ಮೈಗೆ ಹಚ್ಚುವ ಎಣ್ಣೆ, ಕಾಡಿನಿಂದ ಬಂದ ಕೂಡಲೇ ಬಿಸಿನೀರ ಸ್ನಾನ, ಬಟ್ಟೆ ಕುದಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಇದು ಹಳೆಯ ಕಥೆಯಲ್ಲ ಮಕ್ಕಳೇ, 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಜನ ಸತ್ತಿದ್ದಾರೆ.

ಒಂದು ಮಾತು ಹೇಳಬೇಕು. ಬಡತನದಲ್ಲಿ ಹುಟ್ಟಿದವರೆಲ್ಲ ಹೀಗೇ ಆಗುತ್ತಾರೆಂದಲ್ಲ. ಶಾಲೆ ಬಿಟ್ಟವರಿಗೆ ಮುಪ್ಪಿನಲ್ಲಿ ಮರೆವಿನ ಕಾಯಿಲೆಯ ಸಂಭವ ಹೆಚ್ಚು ಎಂದು ಲೋಕದ ಹಲವು ಕಡೆಯ ಅಧ್ಯಯನಗಳು ಹೇಳುತ್ತವೆ. ನನ್ನ ಗೆಳತಿಯ ನೆನಪು ಮಾತ್ರ ಚೂರಿ. ನಮ್ಮ ಕಾನಿನ ಮರಗಳ ಹೆಸರನ್ನು ನನ್ನ ಮೊಮ್ಮಗ ಅವಳಿಂದಲೇ ಬರೆದುಕೊಂಡ, ನನಗೆ ಅದರಲ್ಲಿ ಅರ್ಧವೂ ಬರುವುದಿಲ್ಲ. ಹೆಚ್ಚು ಸಂಭವ, ಕಡಿಮೆ ಸಂಭವ ಎಂಬುದು ಸಾವಿರ ಜನರ ಲೆಕ್ಕ. ಒಬ್ಬೊಬ್ಬರ ಲೆಕ್ಕ ಬೇರೆ.

ಬಾಕಿ ತೀರುತ್ತದೆಯೇ?

ಎಲ್ಲವೂ ತೀರುವುದಿಲ್ಲ. ಬಾಗಿದ ಬೆನ್ನು ನೆಟ್ಟಗಾಗುವುದಿಲ್ಲ. ಆದರೆ ತಡವಾಗಿ ಬಂದದ್ದೂ ಕೆಲಸ ಮಾಡುತ್ತದೆ ಎಂದು ಅವಳನ್ನು ನೋಡಿಯೇ ಕಲಿತೆ. 1974ರ ಭೂಸುಧಾರಣೆಯಲ್ಲಿ ಅವಳ ಗಂಡನ ಮನೆಗೆ ಒಂದು ಎಕರೆ ಗದ್ದೆ ಬಂತು. 'ಆ ವರ್ಷದಿಂದ ಎರಡು ಹೊತ್ತು ಅನ್ನ' ಎನ್ನುತ್ತಾಳೆ. ಅವಳ ಮಕ್ಕಳು ಇಬ್ಬರೂ ಅವಳಿಗಿಂತ ಒಂದು ಗೇಣು ಎತ್ತರ. ಉಚಿತ ಶಿಬಿರದಲ್ಲಿ ಕಣ್ಣಿನ ಪೊರೆ ತೆಗೆದರು, ಈಗ ಸೂಜಿಗೆ ದಾರ ಪೋಣಿಸುತ್ತಾಳೆ. ಸಂಧ್ಯಾ ಸುರಕ್ಷೆಯ ಹಣ ತಿಂಗಳಿಗೆ 1,200 ರೂಪಾಯಿ. ಅದರಲ್ಲಿ ಸಿಲಿಂಡರು ತುಂಬಿಸುವುದೇ, ಮಂಡಿಯ ಮಾತ್ರೆ ತರುವುದೇ ಎಂಬ ಲೆಕ್ಕ ತಪ್ಪಲಿಲ್ಲ. ಹಾಗಾಗಿ ಗ್ಯಾಸಿನ ಒಲೆ ಚಹಾಕ್ಕೆ ಮಾತ್ರ, ಅನ್ನಕ್ಕೆ ಸೌದೆ. 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿ ಆದಮೇಲೆ ಸೊರಬದ ಆಸ್ಪತ್ರೆಗೆ ತಿಂಗಳು ತಪ್ಪದೆ ಹೋಗುತ್ತಾಳೆ. ಮೊದಲು ಟಿಕೆಟ್ಟಿನ ದುಡ್ಡಿಗೆ ಮಗನ ಮುಖ ನೋಡಬೇಕಿತ್ತು.

ಶಾಲೆಯ ಬಿಸಿಯೂಟಕ್ಕೆ ಮೂಗು ಮುರಿಯುವ ಮಕ್ಕಳನ್ನು ಕಂಡರೆ ನನಗೆ ಈಗ ಸಿಟ್ಟು ಬರುತ್ತದೆ. ನಿಮ್ಮ ತಟ್ಟೆಯ ಬೇಳೆ, ಲೋಟದ ಹಾಲು ನೀವು ಎಪ್ಪತ್ತರಲ್ಲಿ ಮೆಟ್ಟಿಲು ಹತ್ತುವುದಕ್ಕೆ ಇಟ್ಟ ಜಮಾ. ನಮ್ಮ ಕಾಲದಲ್ಲಿ ಶಾಲೆಯಲ್ಲಿ ಹಾಲಿನ ಪುಡಿ ಕದಡಿ ಕೊಡುತ್ತಿದ್ದರು. ಗೆಳತಿ ಶಾಲೆ ಬಿಟ್ಟಾಗ ಅವಳ ಪುಸ್ತಕದ ಜೊತೆ ಆ ಹಾಲೂ ಹೋಯಿತು ಎಂದು ನನಗೆ ಹೊಳೆದದ್ದು ಇದನ್ನು ಬರೆಯುವಾಗ.

ಮೊಮ್ಮಗ ಊರಿಂದ ಹೊರಡುವ ಮುಂಚೆ ನಾನೂ ಅವನೂ ಕೂತು ಒಂದು ಪ್ರಶ್ನಾವಳಿ ಮಾಡಿದೆವು. ನೀವೂ ನಿಮ್ಮ ಮನೆಯ, ಪಕ್ಕದ ಮನೆಯ ಅಜ್ಜ-ಅಜ್ಜಿಯರಿಗೆ ಕೇಳಬಹುದು. ಹತ್ತನೇ ವಯಸ್ಸಿನಲ್ಲಿ ಬೆಳಿಗ್ಗೆ ಎದ್ದು ಮೊದಲು ಏನು ಕೆಲಸ ಮಾಡುತ್ತಿದ್ದಿರಿ? ಎಷ್ಟು ಭಾರ ಹೊರುತ್ತಿದ್ದಿರಿ, ಎಷ್ಟು ದೂರ? ಶಾಲೆ ಬಿಟ್ಟದ್ದು ಯಾವಾಗ, ಬಿಡಿಸಿದ್ದು ಯಾರು? ಜ್ವರ ಬಂದರೆ ಯಾರ ಹತ್ತಿರ ಕರೆದೊಯ್ಯುತ್ತಿದ್ದರು? ಆಗ ತಿಂದದ್ದರಲ್ಲಿ ನಿಮಗೆ ತುಂಬ ಇಷ್ಟವಾದದ್ದು ಯಾವುದು?

ಮೊದಲು ನನ್ನನ್ನು ಕೇಳಿದ. ನನ್ನ ಉತ್ತರಗಳು ಅರ್ಧ ಪುಟದಲ್ಲಿ ಮುಗಿದವು. ಗೆಳತಿಯದು ಆರು ಪುಟ ಆಯಿತು. ಕೊನೆಯ ಪ್ರಶ್ನೆಗೆ ಅವಳು ಯೋಚಿಸಲೇ ಇಲ್ಲ.

'ಇವರ ಮನೇಲಿ ದರಗು ಇಳಿಸಿದ ಮೇಲೆ ಇವರಮ್ಮ ಒಂದು ತಂಬಿಗೆ ಮಜ್ಜಿಗೆ ಕೊಡೋರು, ಉಪ್ಪು ಹಾಕಿ. ಅದಕ್ಕೋಸ್ಕರ ನಾನು ದಿನಕ್ಕೆ ಎರಡು ಹೊರೆ ತರ್ತಿದ್ದೆ.'

ಮೊಮ್ಮಗ ಅದನ್ನು ಹಾಗೇ ಬರೆದುಕೊಂಡ. ಉಪ್ಪು ಹಾಕಿ ಎಂಬುದನ್ನೂ ಬಿಡಲಿಲ್ಲ. ನಾನು ಮಜ್ಜಿಗೆ ತರುತ್ತೇನೆಂದು ಎದ್ದು ಒಳಗೆ ಹೋದೆ.